ಒಗೆಯುವ ಕಲ್ಲಷ್ಟೇ ನಮ್ಮದೇ?

ಹೊಳೆಯ ದಂಡೆಯ ಮೇಲೆ ಹೆಂಗಸಿಗೆ ಎಷ್ಟು ಜಾಗ? ಒಗೆಯುವ ಕಲ್ಲಿನಷ್ಟು. ಕೃಷ್ಣೆ ಚಿಕ್ಕೋಡಿ ಸೀಮೆಗೆ ಕಾಲಿಟ್ಟು ರಾಯಬಾಗ, ಅಥಣಿ, ಕಾಗವಾಡದ ಹೊಲಗಳ ಮಗ್ಗುಲಲ್ಲಿ ಹರಿಯುತ್ತಾಳೆ. ನಿಪ್ಪಾಣಿ ಕಡೆಯಿಂದ ವೇದಗಂಗೆಯನ್ನು ಕೂಡಿಕೊಂಡು ದೂಧಗಂಗೆ ಅವಳನ್ನು ಸೇರುತ್ತಾಳೆ. ಮೂವರಿಗೂ ಹೆಣ್ಣಿನ ಹೆಸರೇ. ಆದರೆ ಅವರ ದಂಡೆಯ ಮೇಲೆ ಗಾಳ ಹಾಕಿ ನಿರುಮ್ಮಳವಾಗಿ ಕುಳಿತವರನ್ನು ನೋಡಿ, ಎಲ್ಲ ಗಂಡಸರು. ನಾವು ಹೋಗುವುದು ಬಟ್ಟೆಯ ಗಂಟು ಹೊತ್ತು, ಇಲ್ಲವೇ ಹಬ್ಬದ ದಿನ ಪೂಜೆಯ ತಟ್ಟೆ ಹಿಡಿದು.

ಮೀನು ಮುಟ್ಟದ ಮನೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಅವರ ಆಚಾರ ಅವರಿಗೆ, ನನ್ನ ತಕರಾರು ಅವರೊಡನೆ ಅಲ್ಲ. ಮೀನು ತಿನ್ನುವ ಮನೆಗಳ ಮಾತು ನನ್ನದು. ಅಲ್ಲಿ ಮೀನು ತೊಳೆಯುವುದು, ಹುರುಪೆ ಹೆರೆಯುವುದು, ಖಾರ ಅರೆದು ಸಾರು ಕುದಿಸುವುದು ಎಲ್ಲ ನಮ್ಮ ಪಾಲು. ಹಿಡಿಯುವ ಸುಖ ಮಾತ್ರ ಅವರದು. ಯಾಕೆಂದು ಕೇಳಿದ್ದಕ್ಕೆ ಹಿರಿಯರೊಬ್ಬರು, “ಗಾಳಕ್ಕ ತಾಳ್ಮಿ ಬೇಕಾಗ್ತೈತಿ ತಂಗಿ, ಹೆಣ್ಮಕ್ಕಳಿಗೆ ಅದು ಆಗೂದಿಲ್ಲ” ಅಂದರು. ಮದುವೆಯ ಚಪ್ಪರದಲ್ಲಿ “ತಾಳಿಕೊಂಡು ಹೋಗವಾ” ಎಂದು ಹರಸಿ ಕಳಿಸುವವರೂ ಇವರೇ! ದಿನವೆಲ್ಲ ನಮ್ಮ ತಾಳ್ಮೆಯನ್ನು ಹೊಗಳುತ್ತಾರೆ. ತಾಳ್ಮೆಯಿಂದ ಸಂತೋಷ ಸಿಗುವ ಕೆಲಸ ಬಂದಾಗ ಅದು ನಮಗಿಲ್ಲ ಅನ್ನುತ್ತಾರೆ.

ಇನ್ನು ಕೆಲವರು ತೋಳಬಲದ ಮಾತು ತೆಗೆಯುತ್ತಾರೆ. ಸ್ಕಾಟ್ಲೆಂಡಿನ ಟೇ ನದಿಯಲ್ಲಿ 1922ರಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಹೆಣ್ಣುಮಗಳು ಗಾಳದಿಂದ ಹಿಡಿದ ಸಾಲ್ಮನ್ ಮೀನಿನ ತೂಕ 64 ಪೌಂಡು, ಅಂದರೆ 29 ಕಿಲೋ. ಬ್ರಿಟನ್ನಿನಲ್ಲಿ ಆ ದಾಖಲೆಯನ್ನು ಇಂದಿಗೂ ಯಾವ ಗಂಡಸೂ ಮುರಿದಿಲ್ಲ. ನಮಗೆ ಬೇಕಾದದ್ದು ಒಂದು ಹೊತ್ತಿನ ಸಾರಿಗಾಗುವಷ್ಟು ಜಿಲೇಬಿ ಮೀನು. ಅದಕ್ಕೆ ಎಷ್ಟು ಬಲ ಬೇಕು?

ಬೇಕಾದದ್ದು ತಿಳಿವಳಿಕೆ. ಅದರ ಮುಕ್ಕಾಲು ಪಾಲು ಇರುವುದು ಬೆಂಡಿನಲ್ಲಿ. ದಾರಕ್ಕೆ ಕಟ್ಟಿ ನೀರಿನ ಮೇಲೆ ಬಿಡುವ ಈ ಹಗುರ ತುಣುಕಿಗೆ ಎರಡು ಕೆಲಸ: ಎರೆಯನ್ನು ಬೇಕಾದ ಆಳದಲ್ಲಿ ನಿಲ್ಲಿಸುವುದು, ಮೀನು ಮುಟ್ಟಿದ ಸುದ್ದಿ ಹೇಳುವುದು. ಬಲ್ಲವರೆಂದು ಮೀಸೆ ತಿರುವುವ ಎಷ್ಟೋ ಮಂದಿ ಅಂಗೈ ಗಾತ್ರದ ಥರ್ಮೋಕೋಲ್ ತುಂಡು ಕಟ್ಟುತ್ತಾರೆ. ಅದನ್ನು ಮುಳುಗಿಸಲು ಮೀನು ಜಗ್ಗಾಡಬೇಕು. ಜಗ್ಗುವಾಗಲೇ ಅನುಮಾನ ಬಂದು ಎರೆ ಉಗುಳಿ ಹೋಗುತ್ತದೆ. ಮೇಲಾಗಿ ಆ ತುಂಡು ಕಾಳುಕಾಳಾಗಿ ಒಡೆದು, ನಾವು ಕೊಡ ತುಂಬುವ ನೀರಿನಲ್ಲೇ ಉಳಿಯುತ್ತದೆ.

ನಮ್ಮ ಬೆಂಡು ಹೊಲದಲ್ಲಿದೆ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಬೆರಳುದ್ದದ ಬಿಳಿ ಬೆಂಡು ಸಿಗುತ್ತದೆ. ನೀರು ಹೀರದಂತೆ ಮೇಣದ ಬತ್ತಿ ಕರಗಿಸಿ ಸವರಿ. ದೂರಕ್ಕೆ ಕಾಣಲೆಂದು ತುದಿಗೆ ಕೆಂಪು ಉಗುರುಬಣ್ಣ ಹಚ್ಚಿ. ಉದುರಿಬಿದ್ದ ನವಿಲುಗರಿಯ ದಂಟು ಸಿಕ್ಕರೆ ಇನ್ನೂ ಚಲೋ. ಬೀಡಿಗೆ ಚಕಚಕನೆ ದಾರ ಬಿಗಿಯುವ ನಿಪ್ಪಾಣಿಯ ಹೆಣ್ಣುಮಕ್ಕಳಿಗೆ ಬೆಂಡು ಕಟ್ಟುವುದನ್ನು ಯಾರು ಕಲಿಸಬೇಕು?

ಬಾಂದಾರದ ಹಿಂದಿನ ನಿಂತ ನೀರಿಗೆ ತೆಳ್ಳಗಿನ ಬೆಂಡು ಸಾಕು. ಅದರ ಕೆಳತುದಿಯನ್ನಷ್ಟೇ ದಾರಕ್ಕೆ ಕಟ್ಟಿದರೆ ಗಾಳಿ ಅಷ್ಟಾಗಿ ಎಳೆಯದು. ಹರಿವ ನೀರಿಗೆ ಮೇಲ್ಭಾಗ ದಪ್ಪವಿರುವ ಬೆಂಡು ಬೇಕು, ಅದನ್ನು ಎರಡೂ ತುದಿಗೆ ಕಟ್ಟಬೇಕು. ಬೆಂಡಿನ ತುದಿ ಮಾತ್ರ ಇಣುಕುವಷ್ಟು ಸೀಸದ ಗುಂಡು ಹಾಕಿ. ಗಂಡಸರಂತೆ ಹಲ್ಲಿನಿಂದ ಕಚ್ಚಿ ಕೂಡಿಸಬೇಡಿ, ಸೀಸ ವಿಷ, ಇಕ್ಕಳ ಬಳಸಿ. ಆಳ ನೋಡಲು ಗಾಳಕ್ಕೊಂದು ಕಬ್ಬಿಣದ ನಟ್ಟು ಕಟ್ಟಿ ಬಿಡಿ. ಬೆಂಡು ಪೂರಾ ಮುಳುಗಿದರೆ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ ಸರಿಸಿ. ಆಮೇಲೆ ನಟ್ಟು ಬಿಚ್ಚಿ ಎರೆ ಚುಚ್ಚಿ. ಬೆಂಡು ಮುಳುಗಿದರಷ್ಟೇ ಮೀನು ಎಂದೇನಿಲ್ಲ. ತಳದ ಎರೆಯನ್ನು ಮೀನು ಎತ್ತಿದರೆ ಸೀಸದ ಭಾರ ತಪ್ಪಿ ಬೆಂಡು ಮೇಲೆದ್ದು ಅಡ್ಡಬೀಳುತ್ತದೆ. ಅದೂ ಸುದ್ದಿಯೇ, ಕೋಲು ಎತ್ತಿ.

ಧೈರ್ಯ ಬೇಕು, ಹುಂಬತನ ಬೇಡ. 2005, 2019, 2021ರ ಮಹಾಪೂರವನ್ನು ಕಂಡವರು ನಾವು. ಮಳೆಗಾಲದಲ್ಲಿ ಕಲ್ಲೋಳ–ಯಡೂರ, ಕಾರದಗಾ–ಭೋಜದಂಥ ತಗ್ಗು ಸೇತುವೆಗಳೇ ಮುಳುಗುತ್ತವೆ. ಆಗ ಹೊಳೆಯ ಕಡೆ ಹೋಗಲೇಬಾರದು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅವು ಕಂಡ ಕಡೆ ಕೂಡಬಾರದು, ನೀರಂಚಿನಿಂದ ನಾಲ್ಕು ಮಾರು ದೂರವೇ ಇರಬೇಕು. ಆದರೆ ಒಂದು ಮಾತು ಕೇಳುತ್ತೇನೆ. ನೀರಿಗಿಳಿದು ಬಟ್ಟೆ ಒಗೆಯುವಾಗ ನಮಗಾಗಿ ಮೊಸಳೆಯ ಹೆದರಿಕೆ ಪಡದವರಿಗೆ, ದಂಡೆಯ ಮೇಲೆ ಕುಳಿತಾಗ ಅದೆಲ್ಲಿಂದ ಬರುತ್ತದೆ?

ಬೆಂಡಿನ ವಿದ್ಯೆ ಕಷ್ಟದ್ದಲ್ಲ. ಸುಮ್ಮನೆ ಕುಳಿತ ಹೆಂಗಸನ್ನು ನೋಡಲಾರದ ಕಣ್ಣುಗಳದೇ ಕಷ್ಟ. ಆದ್ದರಿಂದ ಅಕ್ಕ-ತಂಗಿಯರೇ, ನೀರಿಳಿದ ಮೇಲೆ ಮೂರು ನಾಲ್ಕು ಜನ ಕೂಡಿ ಹೊರಡಿ. ಬುತ್ತಿ ಕಟ್ಟಿಕೊಳ್ಳಿ, ಬಟ್ಟೆಯ ಗಂಟನ್ನು ಮನೆಯಲ್ಲೇ ಬಿಡಿ. ಸಂಜೆ ಒಂದು ಮೀನೂ ಸಿಗದೆ ಬರಿಗೈಯಲ್ಲಿ ಬಂದರೆ, ಇಡೀ ದಿನ ಏನು ಮಾಡಿದಿರಿ ಎಂಬ ಲೆಕ್ಕ ಯಾರಿಗೂ ಕೊಡಬೇಡಿ. ಗಂಡಸರು ಎಂದಾದರೂ ಕೊಟ್ಟಿದ್ದಾರೆಯೇ?