ಜೀಪು ಹತ್ತಿದ ಕೂಡಲೇ ಕನ್ನಡ ಇಳಿದುಹೋಯಿತೇ?

ಬೆಂಗಳೂರಿನ ಕನ್ನಡದ ಹುಡುಗರೇ, ಹುಡುಗಿಯರೇ, ನಿಮಗೊಂದು ಪ್ರಶ್ನೆ. ಶನಿವಾರ ಬಂತೆಂದರೆ ಸಾವಿರಾರು ರೂಪಾಯಿ ಸುರಿದು ಕೊಡಚಾದ್ರಿಗೆ ಹೋಗುತ್ತೀರಿ. ಜೀಪಿನಲ್ಲಿ ಕುಲುಕಾಡುತ್ತಾ ಏರುತ್ತೀರಿ, ಫೋಟೋ ಹೊಡೆದುಕೊಂಡು ಇಳಿಯುತ್ತೀರಿ. ಆ ಬೆಟ್ಟಕ್ಕೆ ಆ ಹೆಸರು ಯಾಕೆ ಬಂತೆಂದು ಜೀಪು ಓಡಿಸಿದವನನ್ನು ಕೇಳಿದ್ದೀರಾ? ಕೇಳಿದ್ದರೆ, ಯಾವ ಭಾಷೆಯಲ್ಲಿ?

ನಾನು ಪಿಯುಸಿವರೆಗೆ ಓದಿದವನು. ಹೊಟ್ಟೆಪಾಡಿಗೆ ಒಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದೇನೆ. ಕಳೆದ ವರ್ಷ ಒಂದು ಟೂರ್ ಕಂಪನಿಯವರು ಕೊಡಚಾದ್ರಿ ಜೀಪ್ ಪ್ರವಾಸದ ಕರಪತ್ರ ಮಾಡಿಸಲು ಬಂದರು. ನಾಲ್ಕು ಬಣ್ಣ, ಆರ್ಟ್ ಪೇಪರ್, ಎರಡೂ ಬದಿ ಇಂಗ್ಲಿಷ್. ಮೂಲೆಯಲ್ಲಾದರೂ ನಾಲ್ಕು ಸಾಲು ಕನ್ನಡ ಹಾಕಿ ಸ್ವಾಮಿ ಎಂದೆ. "ಕನ್ನಡ ಹಾಕಿದ್ರೆ ಲೋಕಲ್ ಅನ್ಸುತ್ತೆ" ಎಂದರು. ಎಂಥ ಮಾತು! ಬೆಟ್ಟ ಲೋಕಲ್, ಜೀಪು ಲೋಕಲ್, ಡ್ರೈವರ್ ಲೋಕಲ್. ಭಾಷೆ ಮಾತ್ರ ಲೋಕಲ್ ಆಗಬಾರದು! ಆದರೂ ಅಚ್ಚು ಹಾಕಿಕೊಟ್ಟೆ. ಪೇಪರ್ ಅಂಗಡಿಯ ಬಾಕಿ ಕುತ್ತಿಗೆಗೆ ಬಂದಿತ್ತು. ಆ ನಾಚಿಕೆ ತಡೆಯಲಾರದೆ, ಬೆಟ್ಟವನ್ನಾದರೂ ನೋಡಿಬರೋಣವೆಂದು ಹೊರಟೆ.

ಕೊಲ್ಲೂರಿನಿಂದ ನಿಟ್ಟೂರು ಬಳಸಿ ಸುಮಾರು 40 ಕಿ.ಮೀ. ಕೊನೆಯ ಭಾಗ ರಸ್ತೆಯೇ ಅಲ್ಲ, ಬರೀ ಕಲ್ಲು, ಕೊರಕಲು, ಕೆಸರು. ಜೀಪಿನಲ್ಲಿ ನನ್ನ ಜೊತೆ ಏಳು ಹುಡುಗರು. ಮಂಡ್ಯ, ಹಾಸನ, ತುಮಕೂರಿನವರು. ತಮ್ಮತಮ್ಮಲ್ಲಿ ಕನ್ನಡ, ಡ್ರೈವರ್ ಜೊತೆ ಮಾತ್ರ "ಭಯ್ಯಾ, ವ್ಯೂ ಪಾಯಿಂಟ್ ಕಿತ್ನಾ ದೂರ್?" ಆತ ಬಂದಷ್ಟು ಹಿಂದಿಯಲ್ಲಿ ಎರಡು ಮಾತಾಡಿ ಸುಮ್ಮನಾದ. ಒಂದು ತಿರುವಿನಲ್ಲಿ ಜೀಪು ಪ್ರಪಾತದ ಕಡೆ ವಾಲಿತು ನೋಡಿ, ಏಳೂ ಜನರ ಬಾಯಲ್ಲಿ ಒಂದೇ ಕೂಗು: "ಅಯ್ಯೋ ಅಮ್ಮಾ!" ಪ್ರಾಣಭಯಕ್ಕೆ ಕನ್ನಡ ಬೇಕು, ಮಾತಿಗೆ ಬೇಡ!

ನಾನು ಕನ್ನಡದಲ್ಲಿ ಕೇಳಿದೆ. ಆತನ ಬಾಯಿ ಬಿಚ್ಚಿತು. ಕೊಡಚಾದ್ರಿ ಎಂದರೆ ಕುಟಜದ ಬೆಟ್ಟ. ಕುಟಜವೆಂದರೆ ಬೇರೇನಲ್ಲ, ಮಲೆನಾಡಿನ ಮನೆಗಳಲ್ಲಿ ಹೂವಿನಿಂದ ತಂಬುಳಿ ಮಾಡುವ ಅದೇ ಕೊಡಸಿಗೆ. ಕೊಲ್ಲೂರಿನಲ್ಲಿ ಭಕ್ತರು ಮೀಯುವ ಸೌಪರ್ಣಿಕೆ ಹುಟ್ಟುವುದು ಇದೇ ಬೆಟ್ಟದಲ್ಲಿ. ಜೀಪು ನಿಂತ ಮೇಲೆ ಸರ್ವಜ್ಞಪೀಠಕ್ಕೆ ನಡೆದೇ ಹೋಗಬೇಕು. ಬೆಟ್ಟದ ಎತ್ತರ 1343 ಮೀಟರ್. ಅಲ್ಲಿ ನಿಂತು ಆತ ಬಡಗಣ ದಿಕ್ಕಿಗೆ ಕೈ ತೋರಿಸಿದ. "ಆ ಕಡೆ ಶರಾವತಿ ಹಿನ್ನೀರು. ನಮ್ಮಜ್ಜನ ಗದ್ದೆ, ತೋಟ ಎಲ್ಲ ಅದರಡಿಗೆ ಹೋಯ್ತು ಮಾರಾಯ್ರೆ."

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ನೀರಿನ ಕರೆಂಟು ನಾಡಿಗೆಲ್ಲ ದೀಪ ಹಚ್ಚಿತು. ನನ್ನ ಪ್ರೆಸ್ಸಿನ ಮೋಟಾರು ತಿರುಗುವುದರಲ್ಲೂ ಅದರ ಪಾಲಿದೆ. ಗದ್ದೆ ಕಳೆದುಕೊಂಡವರ ಮೊಮ್ಮಗ ಸ್ಟೀರಿಂಗ್ ಹಿಡಿದು ನಿಮ್ಮ ಪಕ್ಕದಲ್ಲೇ ಕುಳಿತಿದ್ದಾನೆ. ನೀವು ಅವನನ್ನು ಭಯ್ಯಾ ಎನ್ನುತ್ತೀರಿ!

ಕೇರಳದ ಭಕ್ತರು ಅದೇ ಬೆಟ್ಟವನ್ನು ಕುಡಜಾದ್ರಿ ಎನ್ನುತ್ತಾರೆ, ಮಲೆಯಾಳದಲ್ಲೇ ದಾರಿ ಕೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅದು ಅವರ ತಾಯಿಭಾಷೆ, ಡ್ರೈವರು ಅನ್ನಕ್ಕಾಗಿ ಕಲಿತಿದ್ದಾನೆ. ಸಿಟ್ಟು ನಿಮ್ಮ ಮೇಲೆ. ನಿಮ್ಮದೂ ಅಲ್ಲದ, ಅವನದೂ ಅಲ್ಲದ ಭಾಷೆಯಲ್ಲಿ ಇಬ್ಬರು ಕನ್ನಡಿಗರು ತೊದಲುವುದು ಯಾವ ಕರ್ಮ? ಅವನಿಗೆ ಗೊತ್ತಿರುವುದೆಲ್ಲ ಕನ್ನಡದಲ್ಲಿದೆ. ಹಿಂದಿಯಲ್ಲಿ ಕೇಳಿದರೆ ಸಿಗುವುದು ವ್ಯೂ ಪಾಯಿಂಟ್ ಒಂದು, ವ್ಯೂ ಪಾಯಿಂಟ್ ಎರಡು. ಬಾಡಿಗೆ ಪೂರ್ತಿ ಕೊಟ್ಟು ಸೊಂಟನೋವು ಮಾತ್ರ ತಂದಿರಿ!

ಮುಂದಿನ ಸಲ ಹೋದಾಗ ಮೊದಲ ಮಾತು "ನಮಸ್ಕಾರ ಅಣ್ಣ" ಎಂದಿರಲಿ. ಗುಡ್ಡ, ಹಳ್ಳ, ಮರದ ಹೆಸರು ಕೇಳಿ. ಥ್ರಿಲ್ಲಿಗಾಗಿ ಜೀಪನ್ನು ಹುಲ್ಲುಗಾವಲಿಗೆ ಇಳಿಸೆಂದು ಪೀಡಿಸಬೇಡಿ. ಮಳೆನೀರು ಹಿಡಿದಿಡುವುದು ಆ ಹುಲ್ಲೇ. ಬುಕ್ ಮಾಡುವಾಗ ಕನ್ನಡದ ಕರಪತ್ರ ಎಲ್ಲಿ ಎಂದು ಕೇಳಿ. ನೀವು ಕೇಳದಿದ್ದರೆ ಅವರು ಯಾಕೆ ಹಾಕಿಸುತ್ತಾರೆ?

ಜೀಪಿನ ಅಣ್ಣಂದಿರಿಗೂ ಒಂದು ಮಾತು. ಕನ್ನಡದಲ್ಲಿ ಕರಪತ್ರ ಬೇಕಿದ್ದರೆ ಬನ್ನಿ. ಕಾಗದದ ದುಡ್ಡು ಕೊಡಿ ಸಾಕು, ಅಚ್ಚಿನ ಕೂಲಿ ಬೇಡ. ನನ್ನ ಹಳೇ ತಪ್ಪಿಗೆ ಅದೇ ದಂಡ.