ಖಾಡಿ, ಕೊಲ್ಲಿ, ಕ್ರೀಕ್

ಮುಂಬಯಿಯಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗುವಿಗೆ ‘ಖಾಡಿ’ ಎಂದರೆ ವಾಶಿಯ ರೈಲು ಸೇತುವೆಯ ಕೆಳಗಿನ ನೀರು. ಉಬ್ಬರದಲ್ಲಿ ತುಂಬಿ, ಇಳಿತದಲ್ಲಿ ಕೆಸರು ತೋರುವ ಠಾಣೆಯ ಖಾಡಿ. ಅದೇ ಮಗು ಹಿಂದಿಯ ಭೂಗೋಳ ಪುಸ್ತಕವನ್ನು ತೆರೆದರೆ ಬಂಗಾಳದ ಮಹಾಜಲರಾಶಿಯೂ ಖಾಡಿಯೇ! ಮರಾಠಿಯವರು ಅದನ್ನು ಉಪಸಾಗರವೆಂದು ಗೌರವಿಸುತ್ತಾರೆ.

ಕನ್ನಡಕ್ಕೆ ಈ ತೊಡಕಿಲ್ಲ. ಬಂಗಾಳದ್ದೂ ಕೊಲ್ಲಿ, ಪರ್ಷಿಯಾದ್ದೂ ಕೊಲ್ಲಿ. ಇಂಗ್ಲಿಷಿನವರು ಒಂದನ್ನು ‘ಬೇ’ ಎಂದರು, ಇನ್ನೊಂದನ್ನು ‘ಗಲ್ಫ್’ ಎಂದರು. ಗಲ್ಫ್ ದೊಡ್ಡದು, ಬೇ ಚಿಕ್ಕದು ಎಂದು ಉಪಾಧ್ಯಾಯರು ಹೇಳಿಕೊಡುವುದುಂಟು. ಆದರೆ ಬಂಗಾಳದ ‘ಬೇ’ ಪರ್ಷಿಯಾದ ‘ಗಲ್ಫ್’ಗಿಂತ ಎಂಟು ಪಟ್ಟಿಗೂ ಮಿಗಿಲು. ಹೆಸರಿಟ್ಟವರು ಅಳತೆಗೋಲು ಹಿಡಿದು ಹೊರಟವರಲ್ಲ.

ಇನ್ನು ‘ಕ್ರೀಕ್’. ಇಂಗ್ಲೆಂಡಿನಲ್ಲಿ ಅದು ನೆಲದೊಳಕ್ಕೆ ಚಾಚಿದ ಕಡಲಿನ ಕಿರುನಾಲಗೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೋ, ಸಮುದ್ರದ ಗಾಳಿಯನ್ನೂ ಕಾಣದ ಒಳನಾಡಿನ ಹಳ್ಳವೂ ಕ್ರೀಕೇ. ವಲಸೆ ಹೋದವರು ಕಡಲ ತೀರದ ಕ್ರೀಕನ್ನು ಹಿಡಿದು ಮೇಲೇರಿದಂತೆ, ಅದಕ್ಕೆ ಬಂದು ಕೂಡುವ ಹಳ್ಳಗಳಿಗೂ ಆ ಹೆಸರೇ ಅಂಟಿರಬೇಕು.

ಇದು ಬರಿಯ ನಿಘಂಟಿನ ಜಗಳವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಕಚ್ಛದ ಪಶ್ಚಿಮದ ಅಂಚಿನಲ್ಲಿ, ಭಾರತ ಪಾಕಿಸ್ತಾನಗಳ ನಡುವೆ, ಸುಮಾರು 96 ಕಿಲೋಮೀಟರ್ ಉದ್ದದ ಸರ್ ಕ್ರೀಕ್ ಇದೆ. ಕಚ್ಛಕ್ಕೂ ಸಿಂಧಕ್ಕೂ ಇದ್ದ ಗಡಿಯ ವ್ಯಾಜ್ಯವನ್ನು ಕುರಿತು 1914ರಲ್ಲಿ ಅಂದಿನ ಮುಂಬಯಿ ಸರಕಾರ ಹೊರಡಿಸಿದ ನಿರ್ಣಯವನ್ನೇ ಉಭಯ ಪಕ್ಷಗಳೂ ಎತ್ತಿ ತೋರಿಸುತ್ತವೆ. ಗಡಿಯು ಪೂರ್ವದ ದಂಡೆಯ ಮೇಲಿದೆ, ನೀರೆಲ್ಲ ತನ್ನದೇ ಎಂದು ಪಾಕಿಸ್ತಾನ ಹೇಳುತ್ತದೆ. ಗಡಿಯು ನೀರಿನ ನಡುವೆ ಇದೆ ಎಂದು ಭಾರತ ಹೇಳುತ್ತದೆ. ನೌಕೆ ಸಾಗುವ ನದಿಯೇ ಗಡಿಯಾದಾಗ ಅದರ ಮುಖ್ಯ ಹರಿವಿನ ನಡುವೆ ಗೆರೆ ಎಳೆಯುವುದು ರಾಷ್ಟ್ರಗಳ ವಾಡಿಕೆ. ಇದು ನದಿಯೇ ಅಲ್ಲ, ನೌಕೆ ಸಾಗುವಂಥದೂ ಅಲ್ಲ, ಆ ವಾಡಿಕೆ ಇಲ್ಲಿ ಸಲ್ಲದು ಎಂಬುದು ಒಂದು ವಾದ. ಉಬ್ಬರದ ವೇಳೆಯಲ್ಲಿ ದೋಣಿಗಳು ಸಲೀಸಾಗಿ ಸಾಗುತ್ತವಲ್ಲ ಎಂಬುದು ಮರುವಾದ. ಕ್ರೀಕ್ ಎಂದರೇನು ಎಂಬ ಪ್ರಶ್ನೆಯೇ ಮತ್ತೆ ಬಂದು ನಿಂತಿತು! ಸಾಲದುದಕ್ಕೆ ಈ ಕ್ರೀಕ್ ತನ್ನ ಹಾದಿಯನ್ನು ಆಗಾಗ ಬದಲಿಸುವ ಸ್ವಭಾವದ್ದು. ಕಚ್ಛದ ರಣದ ತಕರಾರಿನಲ್ಲಿ 1968ರಲ್ಲಿ ತೀರ್ಪಿತ್ತ ನ್ಯಾಯಮಂಡಲಿಯು ಈ ಭಾಗವನ್ನು ಮುಟ್ಟಲಿಲ್ಲ. 2007ರಲ್ಲಿ ಎರಡು ದೇಶಗಳೂ ಕೂಡಿ ಮೋಜಣಿ ಮಾಡಿದವು; ವಿವಾದ ಬಗೆಹರಿಯಲಿಲ್ಲ.

ಕೆಸರಿನ ಈ ಪಟ್ಟಿಗೆ ಇಷ್ಟೇಕೆ ಹಟ ಎನಿಸಬಹುದು. ನೆಲದ ಗಡಿ ಮುಗಿಯುವ ಬಿಂದುವಿನಿಂದಲೇ ಸಮುದ್ರದ ಗಡಿ ಆರಂಭವಾಗುವುದು. ಇಲ್ಲಿ ಆ ಬಿಂದು ತುಸು ಸರಿದರೆ ಅಲ್ಲಿ ಮೀನಿನ ನೂರಾರು ಚದರ ಕಿಲೋಮೀಟರ್ ಕಡಲು ಕೈಬದಲಾಗುತ್ತದೆ. ಅಲೆಗಳ ಮೇಲೆ ಬೇಲಿಯಿಲ್ಲ. ಬಲೆಯ ಹಿಂದೆ ಸಾಗಿದ ಗುಜರಾತಿನ ಬೆಸ್ತರು ಕರಾಚಿಯ ಸೆರೆಮನೆಯನ್ನೂ, ಸಿಂಧದ ಬೆಸ್ತರು ಭಾರತದ ಸೆರೆಮನೆಗಳನ್ನೂ ಕಂಡಿದ್ದಾರೆ. ತಿಂಗಳುಗಳೋ ವರ್ಷಗಳೋ ಕಳೆದು ಅವರು ಮನೆಗೆ ಮರಳಿದರೂ, ಸಾಲ ತೆಗೆದು ಕಟ್ಟಿಸಿದ ದೋಣಿ ಎಷ್ಟೋ ವೇಳೆ ಆಚೆಯ ದಡದಲ್ಲಿಯೇ ಉಳಿದುಬಿಡುತ್ತದೆ.