ನುಣ್ಣಗೆ ತಿರುಗುವ ರೀಲು ಎಷ್ಟು ವರ್ಷ ತಿರುಗೀತು?

ಮೀನಿನ ಗಾಳದ ಸ್ಪಿನ್ನಿಂಗ್ ರೀಲು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಹಿಡಿಕೆ ತಿರುಗಿಸಿ ನೋಡುತ್ತಾರೆ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಸದ್ದಿಲ್ಲದೆ ತಿರುಗಿದರೆ ಮಾಲು ಒಳ್ಳೆಯದು ಎಂದು ತೀರ್ಮಾನ. ಕೆಲವು ವರ್ಷಕ್ಕೊಮ್ಮೆ ಅದೇ ಹೆಸರಿನಲ್ಲಿ ಹೊಸ ತಲೆಮಾರಿನ ರೀಲು ಬಿಡುವ ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು. ಹೀಗೆ ಬರುವ ಪ್ರತಿ ಹೊಸ ಮಾದರಿಯ ಜೊತೆಗೇ ಒಂದು ಜಗಳವೂ ಶುರುವಾಗುತ್ತದೆ: ಹಳೆಯದೇ ಗಟ್ಟಿ ಎನ್ನುವವರದೊಂದು ಗುಂಪು, ಹೊಸದರ ಮುಂದೆ ಹಳೆಯದು ಗುಜರಿ ಎನ್ನುವವರದು ಇನ್ನೊಂದು. ಇಬ್ಬರೂ ಅಳೆಯುತ್ತಿರುವುದು ಹೊಸ ಪೆಟ್ಟಿಗೆಯಿಂದ ತೆಗೆದ ರೀಲನ್ನು ಎಂಬುದೇ ನನ್ನ ತಕರಾರು. ರೀಲಿನ ಗುಣ ಗೊತ್ತಾಗುವುದು ಉಪ್ಪುನೀರು ಒಳಗೆ ಹೊಕ್ಕ ಮೇಲೆ, ಅದನ್ನು ಬಿಚ್ಚಬೇಕಾಗಿ ಬಂದಾಗ. ಆ ಲೆಕ್ಕದಲ್ಲಿ ನೋಡಿದರೆ ಕಳೆದ ಹದಿನೈದು ವರ್ಷಗಳಲ್ಲಿ ರೀಲುಗಳು ಸುಧಾರಿಸಿವೆ, ಆದರೆ ಆ ಸುಧಾರಣೆಯ ಬಹುಪಾಲು ಕೊಂಡವರ ಕೈಗೆಟುಕದ ಜಾಗದಲ್ಲಿ ಹೋಗಿ ಕೂತಿದೆ.

ಸುಧಾರಣೆ ಬರೀ ಜಾಹೀರಾತಿನದು ಎಂದರೆ ಅನ್ಯಾಯವಾದೀತು. ಜಪಾನಿನ ಶಿಮಾನೊ ಕಂಪನಿಯ ಸ್ಟೆಲ್ಲಾ ಎಂಬ ದುಬಾರಿ ರೀಲು ಮೊದಲು ಬಂದದ್ದು 1992ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಹಲವು ಹೊಸ ಯೋಚನೆಗಳು ಮೊದಲು ಅದರಲ್ಲಿ ಕಾಣಿಸಿಕೊಂಡು, ಆಮೇಲೆ ಕಡಿಮೆ ಬೆಲೆಯ ರೀಲುಗಳಿಗೆ ಇಳಿಯುತ್ತ ಬಂದಿವೆ. ಹಲ್ಲುಗಳನ್ನು ಸಣ್ಣದಾಗಿಸಿ ಅವುಗಳ ಸಂಖ್ಯೆ ಹೆಚ್ಚಿಸಿದ ಮೈಕ್ರೋಮಾಡ್ಯೂಲ್ ಗೇರು 2014ರ ಸ್ಟೆಲ್ಲಾದಲ್ಲಿತ್ತು. ಮಧ್ಯಮ ದರ್ಜೆಯ ಸ್ಟ್ರಾಡಿಕ್‌ಗೆ ಅದು ಸಿಕ್ಕಿದ್ದು 2019ರಲ್ಲಿ. ಹಲ್ಲುಗಳು ಒಂದಕ್ಕೊಂದು ತಾಗುವ ಜಾಗವನ್ನು ಹಿಗ್ಗಿಸುವ ಇನ್ಫಿನಿಟಿ ಕ್ರಾಸ್ ಎಂಬ ವಿನ್ಯಾಸ 2022ರ ಸ್ಟೆಲ್ಲಾದಿಂದ 2023ರ ಸ್ಟ್ರಾಡಿಕ್‌ಗೆ ಒಂದೇ ವರ್ಷದಲ್ಲಿ ಬಂತು. ಐದು ವರ್ಷ ಕಾಯಬೇಕಿದ್ದದ್ದು ಒಂದಕ್ಕಿಳಿದರೆ ಸಾಧಾರಣ ಗಾಳಗಾರರಿಗೆ ಲಾಭವೇ.

ಆದರೆ ಕಡಲ ದಂಡೆಯಲ್ಲಿ ಬಳಸುವ ರೀಲಿನಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಆ ದೊಡ್ಡ ಗೇರಲ್ಲ. ಬೇಲ್ ಕಂಬಿಯ ಒಂದು ತುದಿಯಲ್ಲಿ ದಾರ ಹೊರಳುವ ಪುಟ್ಟ ರೋಲರ್ ಇದೆಯಲ್ಲ, ಅದರೊಳಗಿನ ಬೇರಿಂಗ್. ಒದ್ದೆ ದಾರ ತರುವ ಉಪ್ಪೆಲ್ಲ ಮೊದಲು ಮುಟ್ಟುವುದು ಅದನ್ನೇ. ಒಂದು ಸ್ಕ್ರೂ ಬಿಚ್ಚಿ, ಬೇರಿಂಗ್ ತೊಳೆದು, ಒಂದು ಹನಿ ಎಣ್ಣೆ ಬಿಟ್ಟರೆ ಮತ್ತೆ ಸಲೀಸು. ಇಂಥ ಜಾಗಕ್ಕೆ ಡೈವಾ ಕಂಪನಿ 2010ರ ಹೊತ್ತಿಗೆ ತಂದ ಉಪಾಯ ಮ್ಯಾಗ್‌ಸೀಲ್: ಅಯಸ್ಕಾಂತ ಹಿಡಿದಿಟ್ಟ ವಿಶೇಷ ಎಣ್ಣೆಯ ತೆಳು ಪದರವೇ ನೀರಿಗೆ ತಡೆಗೋಡೆ. ರಬ್ಬರಿನ ಉಜ್ಜಾಟವಿಲ್ಲದೆ ನೀರು ತಡೆಯುವುದು ನಿಜಕ್ಕೂ ಸೊಗಸಾದ ಯೋಚನೆ. ಅದಕ್ಕೆ ತಗಲುವ ಬೆಲೆಯೆಂದರೆ, ಅಲ್ಲಿಗೆ ಮಾಮೂಲಿ ಎಣ್ಣೆ ಬಿಟ್ಟರೆ ಆ ಪದರವೇ ಕೆಡುತ್ತದೆ. ಹಾಗಾಗಿ ಅದು ಕಂಪನಿಯ ಸರ್ವಿಸ್ ಕೇಂದ್ರದವರ ಕೆಲಸ. ಮುಂದೆ ಡೈವಾದ 2018ರ ಎಕ್ಸಿಸ್ಟ್, 2019ರ ಸರ್ಟೇಟ್ ರೀಲುಗಳು ಮೊನೊಕಾಕ್ ಮೈಯಲ್ಲಿ ಬಂದವು. ಸ್ಕ್ರೂ ಹಾಕಿದ ಪಕ್ಕದ ಮುಚ್ಚಳದ ಬದಲು ತಿರುಪು ಕೊರೆದ ದೊಡ್ಡ ಬಿಲ್ಲೆ. ಸ್ಕ್ರೂಗಳಿಗೆ ಬೇಕಿದ್ದ ಜಾಗ ಉಳಿದು ಒಳಗೆ ದೊಡ್ಡ ಗೇರು ಕೂತಿತು, ಬಲವೂ ಬಂತು. ಆದರೆ ಅದನ್ನು ಬಿಚ್ಚಲು ಬೇರೆಯದೇ ಹತ್ಯಾರು ಬೇಕು. ಇದೇ ಕೆಲಸಕ್ಕೆ ಫ್ರಾನ್ಸಿನ ಹಳೆಯ ಮಿಚೆಲ್ 300ರಲ್ಲಿ ಬೇಕಿದ್ದದ್ದು ಒಂದು ಸ್ಕ್ರೂಡ್ರೈವರ್.

ಜಲನಿರೋಧದ ಅಂಕಿಗಳನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಅಮೆರಿಕದ ಪೆನ್ ಕಂಪನಿಯ ಸ್ಪಿನ್‌ಫಿಷರ್ 2018ರಲ್ಲಿ ಆರನೆಯ ತಲೆಮಾರಿಗೆ ಬಂದಾಗ ಐಪಿಎಕ್ಸ್5 ಎಂಬ ಮುದ್ರೆ ಹೊತ್ತು ಬಂತು. ಅದರ ಅರ್ಥ, ನಳಿಕೆಯಿಂದ ಚಿಮ್ಮಿಸಿದ ನೀರನ್ನು ತಡೆಯುತ್ತದೆ ಎಂದಷ್ಟೆ. ಮುಳುಗಿಸಿದರೂ ತಡೆಯುತ್ತದೆ ಎನ್ನಲು ಐಪಿಎಕ್ಸ್7ರ ಪರೀಕ್ಷೆಯೇ ಬೇರೆ. ಇವೆಲ್ಲ ಸಿಹಿನೀರಿನಲ್ಲಿ, ಹೊಸ ಮಾಲಿನ ಮೇಲೆ ನಡೆಯುವ ಪರೀಕ್ಷೆಗಳು. ಸೀಲಿನ ರಬ್ಬರ್ ಸವೆಯುತ್ತದೆ, ಗಟ್ಟಿಯಾಗುತ್ತದೆ. ಒಮ್ಮೆ ಒಳಹೊಕ್ಕ ಉಪ್ಪುನೀರನ್ನು ಅದೇ ಸೀಲು ಹೊರಗೆ ಹೋಗದಂತೆಯೂ ಕಾಯುತ್ತದೆ, ಪಾಪ.

ಹಳೆಯದನ್ನು ಹೀಗೆ ಹೊಗಳುವುದು ಬರೀ ಹಂಬಲ ಎಂದು ಯಾರಾದರೂ ಹೇಳಬಹುದು. ಹಳೆಯ ರೀಲುಗಳಲ್ಲಿ ಬೇಲಿನ ಸ್ಪ್ರಿಂಗು ಮುರಿಯುತ್ತಿತ್ತು, ಹಿಡಿಕೆ ಹಿಂದಕ್ಕೂ ಮುಂದಕ್ಕೂ ಅಲುಗುತ್ತಿತ್ತು, ತಂಗೂಸಿಗೆಂದು ಮಾಡಿದ ರೋಲರುಗಳಲ್ಲಿ ಈಗಿನ ಬ್ರೇಡ್ ದಾರ ಗೀರು ಕೊರೆಯುತ್ತಿತ್ತು. ಎಲ್ಲವೂ ನಿಜ, ಇವತ್ತು ಯಾರಿಗೂ ಮಿಚೆಲ್ ಕೊಳ್ಳಿ ಎಂದು ನಾನು ಹೇಳಲಾರೆ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಹೆಚ್ಚಿನವರು ರೀಲನ್ನು ಬಿಚ್ಚುವುದೇ ಇಲ್ಲ, ಅವರಿಗೆ ಮುಚ್ಚಿದ ರೀಲೇ ಕ್ಷೇಮ ಎಂಬುದು. ಸರ್ವಿಸ್ ಕೇಂದ್ರ ಪಕ್ಕದ ಬೀದಿಯಲ್ಲಿರುವ ಊರಿನವರಿಗೆ ಈ ಮಾತು ಒಪ್ಪುತ್ತದೆ. ಮಂಗಳೂರಿನಿಂದ ಕಾರವಾರದವರೆಗಿನ ಕಡಲಂಚಿನಲ್ಲಿ ನಿಂತು ಗಾಳ ಎಸೆಯುವವರಿಗೆ ಅಷ್ಟು ಒಪ್ಪುವುದಿಲ್ಲ. ಜಪಾನಿನ ಮಾರುಕಟ್ಟೆಗೆಂದು ಮಾಡಿದ ರೀಲು ನೆಂಟರ ಬ್ಯಾಗಿನಲ್ಲೋ ಆನ್‌ಲೈನಿನಲ್ಲೋ ಇಲ್ಲಿಗೆ ಬಂದರೆ ಅದರ ವಾರಂಟಿ ಜೊತೆಗೆ ಬರುವುದಿಲ್ಲ. ಬಿಚ್ಚಲು ಬಾರದ ಭಾಗ ಕೆಟ್ಟರೆ, ಅದಕ್ಕೆ ಕೊಟ್ಟ ಹೆಚ್ಚಿನ ಬೆಲೆಯೂ ಅಲ್ಲಿಗೇ ಮುಗಿಯಿತು.

ಹೆಸರು ಒಂದೇ ಆಗಿ ಮಾಲು ಬೇರೆಯಾಗುವ ತೊಂದರೆ ಇದರ ಮೇಲೊಂದು. ಡೈವಾ 2018ರಲ್ಲಿ ಎಲ್‌ಟಿ ಎಂಬ ಹಗುರ ಶ್ರೇಣಿ ತಂದಾಗ ಅಳತೆಯ ಸಂಖ್ಯೆಗಳೇ ಜರುಗಿದವು. ಹಳೆಯ 2500ಕ್ಕೆ ಈಗ ಹತ್ತಿರವಾದದ್ದು 3000. ಹಳೆಯ ಅಂದಾಜಿನಲ್ಲಿ ಹೊಸದನ್ನು ತರಿಸಿಕೊಂಡವರ ಕೈಗೆ ಸಣ್ಣ ರೀಲು ಬಂದು, ಗುಣಮಟ್ಟವೇ ಇಳಿಯಿತು ಎಂಬ ದೂರು ಹುಟ್ಟಿದರೆ ಅಚ್ಚರಿಯಿಲ್ಲ. ಬೇರಿಂಗ್‌ಗಳ ಎಣಿಕೆಯದಂತೂ ಬಿಡಿ: ಎಲ್ಲಿ ಕೂತಿವೆ, ತುಕ್ಕು ತಡೆಯುತ್ತವೆಯೇ ಎಂದು ಹೇಳದೆ ಪೆಟ್ಟಿಗೆಯ ಮೇಲೆ ಹನ್ನೆರಡು ಎಂದು ಅಚ್ಚು ಹಾಕಿದರೆ ಅದರಿಂದ ತಿಳಿಯುವುದೇನೂ ಇಲ್ಲ.

ದುರಸ್ತಿಯ ಮಾತಿಗೇ ಮರಳಿದರೆ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ಪೋರ್ಟಲನ್ನೂ ತೆರೆಯಿತು. ಆಗ ಗುರುತಿಸಿದ್ದು ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ವಸ್ತು, ವಾಹನಗಳನ್ನು. ಗಾಳದ ರೀಲಿನಂಥ ಸಣ್ಣ ಸರಕು ಆ ಪಟ್ಟಿಗೆ ಸೇರಲಿ ಎಂದು ಕೇಳುವುದು ಅತಿಯಾದೀತು. ಆದರೆ ಮಾದರಿ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೇವೆ ಎಂದು ಕಂಪನಿಗಳು ಪೆಟ್ಟಿಗೆಯ ಮೇಲೆ ಒಂದು ಸಾಲು ಬರೆಯಲು ಕಾನೂನು ಬೇಕಿಲ್ಲ. ಭಾಗಗಳ ನಕ್ಷೆಯನ್ನೂ ನಂಬರನ್ನೂ ಶಿಮಾನೊ, ಪೆನ್ ಬಹಳ ಕಾಲದಿಂದ ಕೊಡುತ್ತಲೇ ಬಂದಿವೆ. ಜೊತೆಗೆ ವರ್ಷವನ್ನೂ ಬರೆಯಲಿ. ಕೊಳ್ಳುವವರು ಹಿಡಿಕೆ ತಿರುಗಿಸಿದ ಮೇಲೆ ಇನ್ನೂ ಎರಡು ಮಾತು ಕೇಳಬೇಕು: ರೋಲರನ್ನು ನಾವೇ ಬಿಚ್ಚಬಹುದೇ, ಅದರ ಬೇರಿಂಗ್ ಇಲ್ಲಿ ಸಿಗುತ್ತದೆಯೇ? ಹಿಂದಿನ ತಲೆಮಾರಿನ ರೀಲು ಕಡಿಮೆ ಬೆಲೆಗೆ ಸಿಕ್ಕು ಎರಡಕ್ಕೂ ಹೌದು ಎಂಬ ಉತ್ತರ ಬಂದರೆ, ಕಡಲಲ್ಲಿ ಬಳಸುವವರಿಗೆ ಅದೇ ಲಾಭದ ವ್ಯಾಪಾರ.